ಕಟ್ಟಿದ ಭಾಷೆಯಲ್ಲಿ ಗಂಟೆ ಎಷ್ಟು?

ಎಸ್ಪೆರಾಂಟೊ ಭಾಷೆಯ ಮೊದಲ ಪುಸ್ತಕ ವಾರ್ಸಾದಲ್ಲಿ ಹೊರಬಂದ ದಿನಕ್ಕೆ ಎರಡು ತಾರೀಕುಗಳಿವೆ. ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ ಅದು 1887ರ ಜುಲೈ 26. ಆಗ ಆ ಊರನ್ನು ಆಳುತ್ತಿದ್ದ ರಷ್ಯನ್ ಸಾಮ್ರಾಜ್ಯದ ಜೂಲಿಯನ್ ಕ್ಯಾಲೆಂಡರಿನಲ್ಲಿ ಜುಲೈ 14. ಪುಸ್ತಕ ಬರೆದ ಲುಡ್ವಿಕ್ ಝಮೆನ್‌ಹಾಫ್ 27 ವರ್ಷದ ಕಣ್ಣಿನ ವೈದ್ಯರು. ಬೇರೆ ಬೇರೆ ತಾಯ್ನುಡಿಯ ಜನ ಸರಿಸಮಾನರಾಗಿ ಮಾತಾಡಲು ಸುಲಭವಾದ ಎರಡನೆಯ ಭಾಷೆಯೊಂದು ಬೇಕೆಂದು ಅವರು ಕ್ರಿಯಾಪದ, ವಿಭಕ್ತಿ, ಪ್ರತ್ಯಯಗಳನ್ನೆಲ್ಲ ಹೊಸದಾಗಿ ಹೊಂದಿಸಿದರು. ಕಾಲದ ಲೆಕ್ಕವನ್ನು ಮಾತ್ರ ಹಾಗೆ ಹೊಂದಿಸಲು ಹೋಗಲಿಲ್ಲ, ಹೋಗದಿದ್ದುದೇ ಜಾಣತನ. ವ್ಯಾಕರಣವನ್ನು ಒಬ್ಬರೇ ಕುಳಿತು ರಚಿಸಬಹುದು. ದಿನ, ವಾರ, ಗಂಟೆಗಳು ಸಮಾಜ ತನ್ನೊಳಗೆ ಮಾಡಿಕೊಂಡ ಕರಾರು. ಕಟ್ಟಿದ ಭಾಷೆ ಆ ಕರಾರನ್ನು ಇದ್ದ ಹಾಗೆ ಒಪ್ಪಿ, ಅದನ್ನು ಹೇಳುವ ಬಗೆಯನ್ನಷ್ಟೇ ಅಚ್ಚುಕಟ್ಟು ಮಾಡಬೇಕು.

ಈ ಅಚ್ಚುಕಟ್ಟು ಎಂಥದೆಂದು ಗಡಿಯಾರದಿಂದಲೇ ನೋಡಬಹುದು. ಎಸ್ಪೆರಾಂಟೊದಲ್ಲಿ ಸಮಯ ಕೇಳುವುದು 'ಕಿಯೋಮ ಹೋರೊ ಎಸ್ತಾಸ್?' ಎಂದು, ಅಂದರೆ 'ಎಷ್ಟನೆಯ ಗಂಟೆ?' ಉತ್ತರ 'ಲಾ ತ್ರಿಯಾ', ಮೂರನೆಯದು. ಮೂರು ಗಂಟೆಗಳ ಅವಧಿಗಾದರೆ 'ತ್ರಿ ಹೋರೊಯ್'. ಕನ್ನಡದಲ್ಲಿ 'ಮೂರು ಗಂಟೆಯಾಯಿತು' ಎಂದರೆ ಗಡಿಯಾರ ಮೂರು ತೋರಿಸುತ್ತಿದೆಯೋ, ಕಾಯಲು ಕುಳಿತು ಮೂರು ತಾಸಾಯಿತೋ ಎಂಬುದನ್ನು ಸಂದರ್ಭ ನೋಡಿ ತಿಳಿಯಬೇಕು. ಅಲ್ಲಿ ಆ ಗೊಂದಲವಿಲ್ಲ. ಅರ್ಧ ಗಂಟೆಯ ವಿಷಯ ಇನ್ನೂ ಸೂಕ್ಷ್ಮ. ಜರ್ಮನ್ನರು 'ಅರ್ಧ ನಾಲ್ಕು' ಎಂದರೆ ಮೂರೂವರೆ. ಇಂಗ್ಲೆಂಡಿನವರು ಆಡುಮಾತಿನಲ್ಲಿ ಅದನ್ನೇ ಹೇಳಿದರೆ ನಾಲ್ಕೂವರೆ. ಇಬ್ಬರೂ ತಮ್ಮ ರೂಢಿಯನ್ನು ಹೊಸ ಭಾಷೆಗೆ ತಂದರೆ ಒಬ್ಬರು ಇನ್ನೊಬ್ಬರಿಗಾಗಿ ಒಂದು ತಾಸು ಕಾಯಬೇಕಾದೀತು. ಎಸ್ಪೆರಾಂಟೊ 'ಮೂರನೆಯದು ಮತ್ತು ಅರ್ಧ' ಎಂದು ಕಳೆದ ಗಂಟೆಗೆ ಕೂಡಿಸಿ ಹೇಳುತ್ತದೆ. ಕಟ್ಟುನಿಟ್ಟಾಗಿ ತರ್ಕಿಸಿದರೆ ಮೂರು ಹೊಡೆದ ಮೇಲೆ ನಡೆಯುತ್ತಿರುವುದು ನಾಲ್ಕನೆಯ ಗಂಟೆ ಎಂದು ಯಾರಾದರೂ ತಕರಾರು ತೆಗೆಯಬಹುದು. ಆದರೆ ಕೇಳಿದವರೆಲ್ಲರಿಗೂ ಒಂದೇ ಹೊತ್ತು ತಿಳಿಯುವುದಾದರೆ ಈ ತಕರಾರಿಗೆ ಬೆಲೆಯಿಲ್ಲ.

'ಮೂರು ಗಂಟೆಗೆ' ಎಂಬಲ್ಲಿನ 'ಗೆ' ಝಮೆನ್‌ಹಾಫರಿಗೂ ಸವಾಲಾಗಿತ್ತು. ನಾಮಪದಕ್ಕೆ ಮೊದಲು ಬರುವ ಸಂಬಂಧಸೂಚಕ ಪದ ಪ್ರತಿಯೊಂದಕ್ಕೂ ಖಚಿತ ಅರ್ಥವಿರಬೇಕೆಂಬುದು ಅವರ 16 ನಿಯಮಗಳಲ್ಲಿ ಒಂದು. ಯಾವುದೂ ಹೊಂದದ ಕಡೆ ಬಳಸಲು, ಸ್ವಂತ ಅರ್ಥವೇ ಇಲ್ಲದ 'ಯೆ' ಎಂಬ ಪದವನ್ನು ಆ ನಿಯಮದಲ್ಲೇ ಇಟ್ಟರು. ಇಂದು ಗಡಿಯಾರದ ಹೊತ್ತು ಹೇಳಲು ಬಳಕೆಯಲ್ಲಿರುವುದು ಅದೇ: 'ಯೆ ಲಾ ತ್ರಿಯಾ'. ಕಾಲದ ಒಂದು ಬಿಂದುವಿನಲ್ಲಿ ನಾವು 'ಒಳಗೆ' ಇರುತ್ತೇವೆಯೋ 'ಮೇಲೆ' ಇರುತ್ತೇವೆಯೋ ಎಂಬುದಕ್ಕೆ ತರ್ಕದಲ್ಲಿ ಉತ್ತರವಿಲ್ಲ. ಅದನ್ನು ಒಪ್ಪಿಕೊಂಡು ಖಾಲಿ ಪದವೊಂದನ್ನು ಇಟ್ಟದ್ದು ಪ್ರಾಮಾಣಿಕ ಪರಿಹಾರ. ವಾರದ ದಿನಗಳಲ್ಲಿ ಕೆಲಸ ಇನ್ನೂ ಹಗುರ. 'ಲುಂದೊ' ಸೋಮವಾರ, ದ್ವಿತೀಯಾ ವಿಭಕ್ತಿಯ 'ನ್' ಸೇರಿ 'ಲುಂದೊನ್' ಆದರೆ ಒಂದು ನಿರ್ದಿಷ್ಟ ಸೋಮವಾರದಂದು, 'ಲುಂದೆ' ಎಂದರೆ ಸಾಮಾನ್ಯವಾಗಿ ಸೋಮವಾರಗಳಂದು. ಕೊನೆಯ ಅಕ್ಷರ ಬದಲಾದರೆ ಸಾಕು, ಒಂದು ಸಲದ ಭೇಟಿಯೋ ವಾರವಾರದ ರೂಢಿಯೋ ತಿಳಿಯುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ವಾರಗಳ ಹೆಸರು ಹೆಚ್ಚುಕಡಿಮೆ ಫ್ರೆಂಚಿನವು, ತಿಂಗಳ ಹೆಸರು ರೋಮನ್ನರವು. ಜಗತ್ತಿಗೆಲ್ಲ ಸಲ್ಲಬೇಕಾದ ಭಾಷೆಗೆ ಯೂರೋಪಿನ ಗೋಡೆ ಕ್ಯಾಲೆಂಡರ್ ಏಕೆ? ಒಂದನೆಯ ದಿನ, ಎರಡನೆಯ ದಿನ ಎಂದು ಎಣಿಸಿದ್ದರೆ ಯಾರ ಪಕ್ಷವೂ ಆಗುತ್ತಿರಲಿಲ್ಲವಲ್ಲ? ಕೇಳಲು ನ್ಯಾಯವೆನಿಸುತ್ತದೆ, ಆದರೆ ಅಂಕಿಗಳೂ ನಿಷ್ಪಕ್ಷಪಾತಿಗಳಲ್ಲ. ಪೋರ್ಚುಗೀಸರು ಭಾನುವಾರದಿಂದ ಎಣಿಸುವುದರಿಂದ ಅವರ ಐದನೆಯದು ಗುರುವಾರ. ರಷ್ಯನ್ನರಿಗೂ ಚೀನೀಯರಿಗೂ ಐದನೆಯದು ಶುಕ್ರವಾರ. ತರ್ಕಶಾಸ್ತ್ರದ ತಳಹದಿಯ ಮೇಲೆ ಕಟ್ಟಿದ ಲೊಜ್ಬಾನ್ ಭಾಷೆ ಅಂಕಿಗಳನ್ನೇ ನೆಚ್ಚಿತು. ಅಲ್ಲಿ ಭಾನುವಾರಕ್ಕೆ ಸೊನ್ನೆಯಿಂದ ಬಂದ ಹೆಸರೂ ಇದೆ, ಏಳರಿಂದ ಬಂದ ಹೆಸರೂ ಇದೆ. ಇನ್ನು 'ಯೂರೋಪಿನದು' ಎಂಬ ಮಾತೂ ವಾರದ ಮಟ್ಟಿಗೆ ಪೂರ್ತಿ ನಿಜವಲ್ಲ. ಎಸ್ಪೆರಾಂಟೊದ ಸೋಮವಾರದಿಂದ ಶುಕ್ರವಾರದವರೆಗಿನ ಹೆಸರುಗಳು ಚಂದ್ರ, ಮಂಗಳ, ಬುಧ, ಗುರು, ಶುಕ್ರರಿಂದಲೇ ಬಂದವು. ಪ್ರಾಚೀನ ಗ್ರಹಾಧಾರಿತ ವಾರ ಮೆಡಿಟರೇನಿಯನ್ ಕಡೆಯಿಂದ ಪಶ್ಚಿಮಕ್ಕೂ ಹಬ್ಬಿತು, ನಮ್ಮ ಜ್ಯೋತಿಷಕ್ಕೂ ಬಂತು. ತಿಂಗಳುಗಳ ವಿಷಯದಲ್ಲಿ ಆಕ್ಷೇಪ ನಿಲ್ಲುತ್ತದೆ, ಒಪ್ಪಬೇಕು. ಆದರೆ ಪರ್ಯಾಯವೇನು?

ಪರ್ಯಾಯವನ್ನು ಒಮ್ಮೆ ದೊಡ್ಡ ಪ್ರಮಾಣದಲ್ಲೇ ಪ್ರಯತ್ನಿಸಲಾಗಿತ್ತು. ಫ್ರೆಂಚ್ ಕ್ರಾಂತಿಕಾರರು 1793ರಲ್ಲಿ ಹತ್ತು ದಿನಗಳ ವಾರ, ಹತ್ತು ಗಂಟೆಗಳ ದಿನ, ಮೂವತ್ತು ದಿನಗಳ ಹನ್ನೆರಡು ತಿಂಗಳುಗಳನ್ನು ಜಾರಿಗೆ ತಂದರು. ಚರ್ಚಿನ ನೆರಳಿಲ್ಲದ, ಇಡೀ ಮನುಕುಲಕ್ಕೆ ಸಲ್ಲುವ ಲೆಕ್ಕವೆಂಬುದು ಅವರ ನಂಬಿಕೆ. ತಿಂಗಳುಗಳಿಗೆ ಇಟ್ಟ ಹೆಸರುಗಳೋ ಹಿಮ, ಮಂಜು, ದ್ರಾಕ್ಷಿ ಕೊಯ್ಲಿನವು. ಫ್ರಾನ್ಸಿನ ಹವೆಗೆ ಮಾತ್ರ ಹೊಂದುವಂಥವು. ಹತ್ತು ದಿನಕ್ಕೊಮ್ಮೆ ರಜೆ ದುಡಿಯುವವರಿಗೆ ಹಿಡಿಸಲಿಲ್ಲ. ಹತ್ತು ಗಂಟೆಯ ಗಡಿಯಾರದ ಕಡ್ಡಾಯವನ್ನು 1795ರಲ್ಲೇ ಕೈಬಿಟ್ಟರು; 1806ರ ಜನವರಿ 1ರಿಂದ ನೆಪೋಲಿಯನ್ ಹಳೆಯ ಕ್ಯಾಲೆಂಡರನ್ನೇ ಮರಳಿ ತಂದ. ಮೇಘನಾದ ಸಹಾ ಅವರ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಭಾರತ ಅಳವಡಿಸಿಕೊಂಡ ರಾಷ್ಟ್ರೀಯ ಶಕ ಪಂಚಾಂಗ ಖಗೋಳ ಲೆಕ್ಕದಲ್ಲಿ ಅಚ್ಚುಕಟ್ಟಾದದ್ದು. ಆದರೂ ಸಂಬಳಕ್ಕೆ ಜನ ಜನವರಿ-ಫೆಬ್ರವರಿ ನೋಡುತ್ತಾರೆ, ಹಬ್ಬಕ್ಕೆ ತಮ್ಮ ತಮ್ಮ ಪಂಚಾಂಗ ತೆರೆಯುತ್ತಾರೆ. ಸರ್ಕಾರದ ಬಲವಿದ್ದವರಿಗೇ ಸಾಧ್ಯವಾಗದ್ದು ಒಂದು ವ್ಯಾಕರಣ ಪುಸ್ತಕಕ್ಕೆ ಹೇಗೆ ಸಾಧ್ಯ?

ಕಲ್ಪಿತ ಲೋಕದ ಭಾಷೆಗಳು ಇದನ್ನು ಸಾಧಿಸಿಲ್ಲವೇ ಎಂದು ಕೇಳಬಹುದು. 'ಸ್ಟಾರ್ ಟ್ರೆಕ್' ಚಿತ್ರಗಳಿಗಾಗಿ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ಬೆಳೆಸಿದ ಕ್ಲಿಂಗಾನ್ ಭಾಷೆಯಲ್ಲಿ ಸಮಯ ಕೇಳುವವರು 'ಎಷ್ಟು ಸಲ ಕೇಳಿಸಿದೆ?' ಎನ್ನುತ್ತಾರೆ. ಕ್ರಿಯಾಪದಕ್ಕೆ ಭೂತ-ಭವಿಷ್ಯತ್ತುಗಳ ರೂಪವಿಲ್ಲ. ಕೆಲಸ ಮುಗಿದಿದೆಯೋ ನಡೆಯುತ್ತಿದೆಯೋ ಎಂಬುದನ್ನಷ್ಟೇ ಪ್ರತ್ಯಯಗಳು ಹೇಳುತ್ತವೆ. ಸೊಗಸಾದ ಕಲ್ಪನೆಯೇ ಸರಿ. ಆದರೆ ಆ ನುಡಿಗಟ್ಟಿನ ಹಿಂದೆ ಕ್ಲಿಂಗಾನರೆಂಬ ಇಡೀ ಸಮಾಜವನ್ನೇ ಮೊದಲು ಕಲ್ಪಿಸಿಕೊಳ್ಳಲಾಗಿದೆ. ಅಂದರೆ ಈ ಉದಾಹರಣೆ ಮೂಲ ಮಾತನ್ನು ಅಲ್ಲಗಳೆಯುವುದಿಲ್ಲ, ಗಟ್ಟಿಮಾಡುತ್ತದೆ: ಹೊಸ ಕಾಲಗಣನೆ ಬೇಕಾದವರು ಹೊಸ ಜನರನ್ನೂ ಸೃಷ್ಟಿಸಬೇಕು. ಝಮೆನ್‌ಹಾಫರ ಭಾಷೆಗೆ ಬೇಕಾಗಿದ್ದವರು ಆಗಲೇ ಇದ್ದ ಜನ.

ರಚನಕಾರನ ಕೈಯಲ್ಲೇ ಇದ್ದ ವ್ಯಾಕರಣವೂ ಕೊನೆಗೆ ಆ ಜನರ ಒಪ್ಪಿಗೆಗೇ ಬಂದು ನಿಂತಿತು. 'ನಾನು ಹುಟ್ಟಿದ್ದು ಇಂಥ ವರ್ಷ' ಎನ್ನುವಾಗ ಕೃದಂತ 'ನಸ್ಕಿತಾ' ಆಗಬೇಕೋ 'ನಸ್ಕಾತಾ' ಆಗಬೇಕೋ ಎಂದು ಎಸ್ಪೆರಾಂಟೊ ಬಲ್ಲವರು ಇಪ್ಪತ್ತನೆಯ ಶತಮಾನದ ನಡುವೆ ಬಿಸಿಬಿಸಿ ಜಗಳವಾಡಿದರು. ಮೊದಲನೆಯದು ಮುಗಿದ ಕ್ರಿಯೆಯನ್ನು ಸೂಚಿಸುತ್ತದೆ. ಎರಡನೆಯದು ಹೇಳಿದ ಹೊತ್ತಿನಲ್ಲೇ ನಡೆಯುತ್ತಿದ್ದ ಕ್ರಿಯೆಯನ್ನು. ನಿಯಮಗಳ ಪಠ್ಯವೊಂದೇ ಈ ಜಗಳ ಬಗೆಹರಿಸಲಿಲ್ಲ. 1967ರಲ್ಲಿ ಎಸ್ಪೆರಾಂಟೊ ಅಕಾಡೆಮಿ 'ನಸ್ಕಿತಾ'ದ ಪರ ನಿಂತಿತು. ಝಮೆನ್‌ಹಾಫರ ಬರಹದಲ್ಲೂ ಇದ್ದ ಬಳಕೆ ಅದೇ. ಹುಟ್ಟಿದ ವರ್ಷ ಹೇಳುವಷ್ಟು ಸರಳ ವಾಕ್ಯಕ್ಕೇ ಭಾಷೆ ಹುಟ್ಟಿದ ಎಂಬತ್ತು ವರ್ಷಗಳ ಮೇಲೆ ತೀರ್ಪು ಬೇಕಾಯಿತೆಂದರೆ, ಕ್ಯಾಲೆಂಡರನ್ನೂ ಹೊಸದಾಗಿ ಹೊಸೆದಿದ್ದರೆ ಆ ಭಾಷೆ ತನ್ನ ಆಡುಗರನ್ನು ಒಂದೆಡೆ ಸೇರಿಸುವ ಮೊದಲೇ ಚದುರಿಸಿಬಿಡುತ್ತಿತ್ತು.