ದೇವರ ಜಗಲಿಯ ವೀರಭದ್ರ ಲಂಡನ್ನಿಗೆ ಹೋದರೆ ಊರಿನ ಹೆಸರು ಎಲ್ಲಿ ಹೋಗುತ್ತೆ?

ಲಂಡನ್, ನ್ಯೂಯಾರ್ಕ್‌ನ ದೊಡ್ಡ ಮ್ಯೂಸಿಯಂಗಳಲ್ಲಿ ಒಂದು ಬಗೆಯ ಲೋಹದ ಹಲಗೆಗಳಿವೆ. ನಡುವೆ ವೀರಭದ್ರ, ಕೈಯಲ್ಲಿ ಕತ್ತಿ, ಗುರಾಣಿ, ಬಿಲ್ಲು, ಬಾಣ. ಪಕ್ಕದಲ್ಲಿ ಆಡಿನ ತಲೆಯ ದಕ್ಷ ಕೈಮುಗಿದು ನಿಂತಿರ್ತಾನೆ. ಪುರವಂತರು ಎದೆಗೋ ನಡುವಿಗೋ ಕಟ್ಟಿಕೊಂಡು ಒಡಪು ಹೇಳೋದನ್ನ ಕೊಟ್ಟೂರು, ಹಡಗಲಿ ಕಡೆಯವರಿಗೆ ನಾನೇನು ವಿವರಿಸಬೇಕಾಗಿಲ್ಲ. ಆದರೆ ಅಲ್ಲಿನ ಚೀಟಿಯಲ್ಲಿ ಏನಿರುತ್ತೆ ಗೊತ್ತಾ? ಹೆಚ್ಚಿನ ಕಡೆ 'ಕರ್ನಾಟಕ ಅಥವಾ ಮಹಾರಾಷ್ಟ್ರ', ಇಲ್ಲವೇ ಬರೀ 'ದಖನ್'. ಊರಿಲ್ಲ, ಗುಡಿಯಿಲ್ಲ, ಮನೆತನವಿಲ್ಲ. ಎರಡು ರಾಜ್ಯದಷ್ಟು ಅಗಲದ ವಿಳಾಸ!

ಈ ಮಾತು ಯಾಕೆ ಬಂತು ಅಂದ್ರೆ, ಆಫ್ರಿಕಾದ ಬೆನಿನ್ ಕಂಚುಗಳ ಸುದ್ದಿ. ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರಕ್ಕೆ 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ನುಗ್ಗಿತು. ಅರಮನೆ ಲೂಟಿಯಾಯ್ತು, ಅರಸ ಒವೊನ್ರಾಮ್ವೆನ್‌ನನ್ನು ಗಡೀಪಾರು ಮಾಡಿದರು, ಸಾವಿರಾರು ಲೋಹದ ಫಲಕ, ತಲೆ, ದಂತದ ಕೆತ್ತನೆ ಹಡಗು ಹತ್ತಿದವು. ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಬೆನಿನ್‌ನ ಸುಮಾರು 900 ವಸ್ತುಗಳಿವೆ. ವಾಪಸ್ ಕೊಡಿ ಅಂದ್ರೆ 1963ರ ಕಾಯ್ದೆ ಅಡ್ಡ ಬರುತ್ತೆ ಅಂತಾರೆ. ಜರ್ಮನಿ ಮಾತ್ರ 2022ರಲ್ಲಿ ಒಡೆತನ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ನೆದರ್‌ಲ್ಯಾಂಡ್ಸ್ 2025ರಲ್ಲಿ 119 ವಸ್ತು ಮರಳಿಸಿತು. ನಮಗೇನೂ ಹೊಸದಲ್ಲ ಬಿಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿ ಹಂಚೋದಕ್ಕೇ ಒಂದು ಸಮಿತಿ ಇತ್ತು. ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇಂಜಿನಿಯರಿಂಗ್ ಓದಿದವನಿಗೆ ಇಲ್ಲಿ ಒಂದು ತಮಾಷೆ ಕಾಣುತ್ತೆ. ಕಂಚು ಅಂದ್ರೆ ತಾಮ್ರಕ್ಕೆ ತವರ, ಹಿತ್ತಾಳೆ ಅಂದ್ರೆ ತಾಮ್ರಕ್ಕೆ ಸತು. 'ಬೆನಿನ್ ಕಂಚು'ಗಳಲ್ಲಿ ಬಹುಪಾಲು ಅಸಲಿಗೆ ಹಿತ್ತಾಳೆ! ಆ ಲೋಹದ ಕಥೆ ಇನ್ನೂ ಕಹಿ. ಯುರೋಪಿನ ವ್ಯಾಪಾರಿಗಳು 'ಮನಿಲ್ಲಾ' ಅನ್ನೋ ಲೋಹದ ಕಡಗಗಳನ್ನ ಆಫ್ರಿಕಾಕ್ಕೆ ತರ್ತಿದ್ರು. ಅವೇ ಹಣ, ಗುಲಾಮರನ್ನ ಕೊಳ್ಳೋದಕ್ಕೂ ಅವೇ. ಹಳೆಯ ಕಡಗಗಳ ಸೀಸವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದರ ಅದಿರು ಜರ್ಮನಿಯ ರೈನ್ ಪ್ರದೇಶದ್ದು, ಬೆನಿನ್ ಶಿಲ್ಪಗಳ ಲೋಹಕ್ಕೂ ಅದಕ್ಕೂ ಹೊಂದುತ್ತೆ ಅಂತ 2023ರಲ್ಲಿ ಪ್ರಕಟಿಸಿದರು. ಲೋಹ ಹೊರಗಿನದು, ಕೈಚಳಕ ಅಲ್ಲಿನ ಎರಕದವರದ್ದು.

ಆ ಕೈಚಳಕ ನಮ್ಮಲ್ಲೂ ಇದೆ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯೋದು. ಮೂರ್ತಿ ತೆಗೆಯಬೇಕಾದರೆ ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದರಂತೆ ಇನ್ನೊಂದು ಇರೋದಿಲ್ಲ. ಜೆಟ್ ಇಂಜಿನ್‌ನ ಬ್ಲೇಡ್ ಎರಕ ಹೊಯ್ಯೋದೂ ಇದೇ ತತ್ವದಲ್ಲಿ. ಹತ್ತು ಹಲಗೆ ತಂದಿಟ್ಟು, ಹತ್ತರಲ್ಲೂ ಒಂದೇ ಜಾಗದಲ್ಲಿ ಒಂದೇ ಕಲೆ, ಒಂದೇ ಗೆರೆ ಕಂಡ್ರೆ ಅನುಮಾನ ಪಡಿ.

ಹಳೆಯದು ಅಂತ ಗುರುತಿಸೋದು ಹೇಗೆ? ಜನ ಮೊದಲು ನೋಡೋದು ಹಸಿರು ಕಿಲುಬು. ಮೋಸ ಹೋಗೋದೂ ಅಲ್ಲೇ. ಪೂಜೆಯಲ್ಲಿದ್ದ ವಿಗ್ರಹಕ್ಕೆ ಹಬ್ಬಹಬ್ಬಕ್ಕೂ ಹುಣಸೆಹಣ್ಣಿನ ಸ್ನಾನ. ಅದಕ್ಕೆ ದಪ್ಪ ಕಿಲುಬು ಎಲ್ಲಿಂದ ಬರಬೇಕು? ಅದರ ಮೂಗು, ಕೆನ್ನೆ ಸವೆದಿರುತ್ತೆ, ಸಂದಿಯಲ್ಲಿ ಕುಂಕುಮ, ಎಣ್ಣೆ ಗಟ್ಟಿಯಾಗಿ ಕೂತಿರುತ್ತೆ. ಮಣ್ಣಲ್ಲಿ ಹೂತಿದ್ದರೆ ಕಥೆ ಬೇರೆ: ಹಸಿರಿನ ಕೆಳಗೆ ಸಾಮಾನ್ಯವಾಗಿ ಕೆಂಪು ಪದರ, ಎಲ್ಲಾ ಕಡೆ ಒಂದೇ ಸಮ ಇರೋದಿಲ್ಲ. ಆಸಿಡ್ ಹಾಕಿ ತಂದ ಹಸಿರು ಬಣ್ಣ ಬಳಿದ ಹಾಗೆ ಸಮನಾಗಿರುತ್ತೆ, ಉಜ್ಜಿದ್ರೆ ಬಿಡುತ್ತೆ. ಮುಂದಿನ ಮುಖಕ್ಕಿಂತ ಬೆನ್ನು ನೋಡಿ. ಕಟ್ಟಲು ಬಿಟ್ಟ ಕೊಂಡಿ, ರಂಧ್ರ ದಾರದಿಂದ ಸವೆದಿದೆಯಾ? ನಕಲಿ ಮಾಡೋನು ಮುಖಕ್ಕೆ ಕೊಡೋ ಗಮನ ಬೆನ್ನಿಗೆ ಕೊಡೋದು ಕಡಿಮೆ. ಎಕ್ಸ್-ರೇ ಯಂತ್ರ ಲೋಹದ ಪ್ರಮಾಣ ಹೇಳುತ್ತೆ. ಯಾವ ಊರಿನ ವೀರಭದ್ರ ಅಂತ ಹೇಳೋದಿಲ್ಲ.

ಅಸಲಿ ಸಮಸ್ಯೆ ಇರೋದು ಇಲ್ಲೇ. 1896ರಲ್ಲಿ, ಅಂದ್ರೆ ಬೆನಿನ್ ಲೂಟಿಗೆ ಒಂದು ವರ್ಷ ಮೊದಲು, ಅಲೆಕ್ಸಾಂಡರ್ ರೀ ಎಂಬ ಅಧಿಕಾರಿ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳ ಬಗ್ಗೆ ಪುಸ್ತಕ ತಂದ. ಆಗ ಈ ಸೀಮೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಬಾಗಳಿ, ಕುರುವತ್ತಿ, ಮಾಗಳ, ಹಡಗಲಿ ಗುಡಿಗಳ ಅಳತೆ, ನಕ್ಷೆ ಅದರಲ್ಲಿವೆ. ಕುರುವತ್ತಿಯ ಕಲ್ಲು ಎಲ್ಲಿಗೆ ಹೋದರೂ ಹೋಲಿಸಿ ನೋಡೋಕೆ ಒಂದು ಆಧಾರ ಇದೆ. ಜಗಲಿ ಮೇಲಿನ ಹಿತ್ತಾಳೆಗೆ ಯಾರ ನಕ್ಷೆ ಇದೆ?

ದಾಖಲೆಯ ಬೆಲೆ ನೋಡಿ. ತಮಿಳುನಾಡಿನ ಶ್ರೀಪುರಂದನ್ ಗುಡಿಯಿಂದ ಕಳುವಾದ ನಟರಾಜ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿತ್ತು. ಕೊಂಡದ್ದು 2008ರಲ್ಲಿ, ಐವತ್ತು ಲಕ್ಷ ಡಾಲರಿಗೂ ಮಿಕ್ಕಿ. ಪುದುಚೇರಿಯ ಫ್ರೆಂಚ್ ಸಂಸ್ಥೆ 1994ರಲ್ಲಿ ಗುಡಿಯಲ್ಲೇ ತೆಗೆದಿದ್ದ ಫೋಟೋ ಜೊತೆ ಹೋಲಿಸಿದಾಗ ಗುಟ್ಟು ಬಯಲಾಯ್ತು. 2014ರಲ್ಲಿ ನಟರಾಜ ವಾಪಸ್ ಬಂದ. ಆ ಫೋಟೋ ಇರದಿದ್ರೆ?

ಈಗ ನಮ್ಮ ಕಡೆಗೆ ಬನ್ನಿ. ಹಳೆ ಹಿತ್ತಾಳೆ ತಗೊಂಡು ಹೊಸ ಸ್ಟೀಲ್ ಪಾತ್ರೆ ಕೊಡೋರು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಓಣಿಗಳಿಗೂ ಬರ್ತಾರೆ. ಮುತ್ತಾತನ ಹಲಗೆ ತಕ್ಕಡಿ ಮೇಲೆ ಕೂತರೆ ಅದು ಬರೀ ಕಿಲೋ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಲೋಹಶಿಲ್ಪ ಪುರಾತನ ವಸ್ತು. ನೋಂದಾಯಿಸಬೇಕು. ಅದರ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗೇ ಇಲ್ಲ, ಕಳಿಸಿದ್ರೆ ಜೈಲು. ನೋಂದಾಯಿಸಿದ್ರೆ ಸರ್ಕಾರ ಎತ್ಕೊಂಡು ಹೋಗುತ್ತೆ ಅನ್ನೋ ಭಯ ತುಂಬಾ ಜನರಿಗಿದೆ. ನೋಂದಣಿ ಅಂದ್ರೆ ಜಪ್ತಿ ಅಲ್ಲ. ವಸ್ತು ನಿಮ್ಮ ಮನೆಯಲ್ಲೇ ಇರುತ್ತೆ, ಪೂಜೆಯೂ ನಡೆಯುತ್ತೆ. ನೆಲ ಅಗೆದಾಗ ಸಿಕ್ಕಿದ್ದಕ್ಕೆ ಮಾತ್ರ 1878ರಿಂದಲೂ ಬೇರೆ ನಿಧಿ ಕಾನೂನಿದೆ, ಅಧಿಕಾರಿಗಳಿಗೆ ತಿಳಿಸಲೇಬೇಕು.

ಇವತ್ತೇ ಮಾಡಬಹುದಾದ ಕೆಲಸ ಇಷ್ಟು. ಹಲಗೆಯ ಮುಂದೆ, ಹಿಂದೆ, ಪಕ್ಕದಿಂದ ಮೊಬೈಲ್‌ನಲ್ಲಿ ಫೋಟೋ ತೆಗೀರಿ, ಪಕ್ಕಕ್ಕೊಂದು ಸ್ಕೇಲ್ ಇಟ್ಟು. ತೂಕ, ಊರು, ಯಾವ ಮನೆತನ, ಯಾವ ಜಾತ್ರೆಗೆ ಹೊರಗೆ ಬರುತ್ತೆ, ಎಲ್ಲಾ ಬರೆದು ತಾರೀಕು ಹಾಕಿ. ಸಂಶಯವಿದ್ರೆ ಹಂಪಿ ಹತ್ತಿರದ ಕಮಲಾಪುರದಲ್ಲಿ ಎಎಸ್‌ಐ ಮ್ಯೂಸಿಯಂ ಇದೆ, ಹೋಗಿ ಕೇಳಿ. ಹೋಗೋ ಮುಂಚೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ.