ಯುದ್ಧನೌಕೆಯ ಮಾದರಿ ಮತ್ತು ಗಣಿತ

ಭೀಮಾ ನದಿಯ ದಂಡೆಯ ನಮ್ಮ ಭಂಡಾರಕವಠೆಗೆ ಸಮುದ್ರ ದೂರ. ಆದರೂ ಅಳತೆಗೆ ತಕ್ಕ ಮಾದರಿಯೊಂದನ್ನು ಮಾಡಿ ನಾವು ಯುದ್ಧನೌಕೆಯನ್ನು ಅರಿಯಬಹುದು.

‘ಗೋದಾವರಿ’ ಫ್ರಿಗೇಟನ್ನು ತೆಗೆದುಕೊಳ್ಳೋಣ. ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಈ ಹಡಗು 1983ರಲ್ಲಿ ನೌಕಾಪಡೆಯನ್ನು ಸೇರಿ 2015ರಲ್ಲಿ ನಿವೃತ್ತವಾಯಿತು. ಇದರ ಉದ್ದ ಸುಮಾರು 126 ಮೀಟರ್. ಇನ್ನೂರರಲ್ಲಿ ಒಂದು ಪಾಲಿನ ಅಳತೆ ಹಿಡಿದರೆ ಮಾದರಿಯ ಉದ್ದ 63 ಸೆಂಟಿಮೀಟರ್. ತೋಪು, ರಾಡಾರ್, ಹೆಲಿಕಾಪ್ಟರ್ ಎಲ್ಲವೂ ಇದೇ ಪ್ರಮಾಣದಲ್ಲಿರಬೇಕು. ಒಂದು ಮೀಟರ್ ಎತ್ತರದ ಕಂಬಿ ಇಲ್ಲಿ ಕೇವಲ 5 ಮಿಲಿಮೀಟರ್!

ತೂಕದ ಲೆಕ್ಕ ಮಾತ್ರ ಬೇರೆ. ಹಡಗಿನ ತೂಕ ಸುಮಾರು 3,800 ಟನ್. ಇದನ್ನು ಇನ್ನೂರರಿಂದ ಭಾಗಿಸಿದರೆ 19 ಟನ್ ಬರುವುದು. ಅಂಥ ಮಾದರಿಯನ್ನು ಎತ್ತುವವರಾರು? ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 200 × 200 × 200, ಅಂದರೆ 80 ಲಕ್ಷದಿಂದ ಭಾಗಿಸಬೇಕು. ಉತ್ತರ 475 ಗ್ರಾಂ. ಇಷ್ಟು ತೂಕವಿದ್ದರೆ ಮಾದರಿಯು ಹೆಚ್ಚುಕಡಿಮೆ ನಿಜವಾದ ಹಡಗಿನಂತೆಯೇ ತೇಲುವುದು. ಹೆಚ್ಚಾದರೆ ಆಳಕ್ಕಿಳಿಯುವುದು, ಭಾರ ಮೇಲಿದ್ದರೆ ಮಗುಚುವುದು. ಆದ್ದರಿಂದ ಒಡಲಿಗೆ ಹಗುರಾದ ಕಟ್ಟಿಗೆ, ಮೇಲ್ಭಾಗಕ್ಕೆ ರಟ್ಟು ಬಳಸಿ, ತೂಕದ ತುಂಡನ್ನು ತಳದಲ್ಲಿಡಬೇಕು.

ರಟ್ಟು ಕತ್ತರಿಸುತ್ತ ಕುಳಿತ ಮಕ್ಕಳನ್ನು ಕಂಡು ಪಾಲಕರು ‘ಓದು ಬಿಟ್ಟು ಆಟ’ ಎಂದು ಗದರಬಾರದು. ಘನಫಲದ ಪಾಠವನ್ನು ಅವರು ಕೈಯಿಂದಲೇ ಕಲಿಯುತ್ತಿರುವರು.