ದಾರಿ ತೋರುವವನ ದಿನಚರಿ

ಪರಸ್ಥಳಕ್ಕೆ ಹೋದವರಿಗೆ ದಾರಿ ಕೇಳಲು ಹಿಂದೆ ಬೀಡಾ ಅಂಗಡಿಯೇ ಗತಿಯಾಗಿತ್ತು. ಅಂಗಡಿಯಾತನು ಬಾಯಲ್ಲಿದ್ದ ಅಡಕೆಯನ್ನು ಒಂದು ಕೆನ್ನೆಗೆ ಸರಿಸಿ, 'ನೆಟ್ಟಗೆ ಹೋಗಿ, ಅರಳಿಕಟ್ಟೆ ಸಿಕ್ಕಿದೊಡನೆ ಎಡಕ್ಕೆ' ಎಂದು ಕೈ ತೋರಿಸುತ್ತಿದ್ದನು. ಅರಳಿಕಟ್ಟೆ ಕೆಲವು ಸಲ ಸಿಕ್ಕುತ್ತಲೇ ಇರಲಿಲ್ಲ. ಅದು ಬೇರೆ ಮಾತು. ಆದರೆ ನಾವು ತಿರುವು ದಾಟುವುದರೊಳಗೆ ಆತನು ನಮ್ಮನ್ನು ಮರೆತುಬಿಡುತ್ತಿದ್ದನು. ಈಗ ಆ ಕೆಲಸವನ್ನು ಕಿಸೆಯಲ್ಲಿರುವ ಫೋನೇ ಮಾಡುತ್ತದೆ, ಅದೂ ಬಿಟ್ಟಿಯಾಗಿ. ಅದು ದಾರಿ ತಪ್ಪುವುದು ವಿರಳ. ಮರೆಯುವುದು ಇನ್ನೂ ವಿರಳ.

ಇಲ್ಲೊಂದು ತಪ್ಪು ಕಲ್ಪನೆಯುಂಟು. ಆಕಾಶದ ಉಪಗ್ರಹಗಳು ನಮ್ಮನ್ನು ನೋಡುತ್ತಿರುತ್ತವೆಂದು ಅನೇಕರು ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಅಮೆರಿಕೆಯ ಜಿಪಿಎಸ್ ಉಪಗ್ರಹಗಳು ವೇಳೆಯನ್ನೂ ತಮ್ಮ ಸ್ಥಾನವನ್ನೂ ಸಾರುತ್ತ ಹೋಗುತ್ತವೆ, ಅಷ್ಟೆ. ರೇಡಿಯೋ ನಿಲಯಕ್ಕೆ ತನ್ನ ಶ್ರೋತೃಗಳು ಯಾರೆಂದು ತಿಳಿಯದಿರುವಂತೆ ಅವಕ್ಕೂ ಕೇಳುವವರ ಪರಿವೆಯಿಲ್ಲ. ನಾಲ್ಕು ಉಪಗ್ರಹಗಳ ಸಂಕೇತವನ್ನು ಆಲಿಸಿ ಫೋನೇ ತಾನಿರುವ ಠಾವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಆ ಠಾವನ್ನು ಹೊರಗೆ ಹೇಳುವುದು ಉಪಗ್ರಹವಲ್ಲ, ನಕ್ಷೆಯ ಆ್ಯಪ್.

ಏಕೆ ಹೇಳಬೇಕು? ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ 2020ರಲ್ಲಿ ಇದನ್ನು ತಮಾಷೆಯಾಗಿ ತೋರಿಸಿಕೊಟ್ಟರು. 99 ಹಳೆಯ ಫೋನುಗಳನ್ನು ಪುಟ್ಟ ಕೈಗಾಡಿಯಲ್ಲಿ ತುಂಬಿ, ಬರಿದಾದ ಬೀದಿಯಲ್ಲಿ ಮೆಲ್ಲನೆ ಎಳೆದುಕೊಂಡು ನಡೆದರು. ಗೂಗಲ್ ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು! ನಿಧಾನವಾಗಿ ಚಲಿಸುವ ಫೋನುಗಳೆಂದರೆ ಅದರ ಪಾಲಿಗೆ ವಾಹನದಟ್ಟಣೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ಕೆಂಪು ಗೆರೆಯೂ ಅಲ್ಲಿ ಸಿಕ್ಕಿಬಿದ್ದವರ ಫೋನುಗಳೇ ಎಳೆದದ್ದು. ಅದರಿಂದ ಹಿಂದೆ ಬರುವವರಿಗೆ ಉಪಕಾರವಾಗುತ್ತದೆಂಬುದನ್ನು ಅಲ್ಲಗಳೆಯಲಾಗದು.

ತೊಡಕಿರುವುದು ಆ ಸುದ್ದಿ ಹೆಸರಿನೊಡನೆ ದಾಖಲೆಯಾಗಿ ಉಳಿದಾಗ. ಇರುಳು ಫೋನು ಮಲಗುವ ಸ್ಥಳ ಮನೆ; ಹತ್ತರಿಂದ ಐದರವರೆಗಿನದು ಕಚೇರಿ; ಮಂಗಳವಾರ ಸಂಜೆಯದು ಮಗಳ ಪಾಠದ ಮನೆ; ತಿಂಗಳಿಗೊಮ್ಮೆ, ಮನೆಯವರಿಗೂ ಹೇಳದೆ ಹೋಗುವುದು ವೈದ್ಯರಲ್ಲಿಗೆ. ಹೆಸರನ್ನು ಅಳಿಸಿದರೂ ಹೆಚ್ಚು ಪ್ರಯೋಜನವಿಲ್ಲ. 15 ಲಕ್ಷ ಜನರ ಫೋನ್ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಯಾವ ಗಂಟೆಯಲ್ಲಿ ಎಲ್ಲಿದ್ದರೆಂಬ ನಾಲ್ಕೇ ಸಂಗತಿಗಳಿಂದ ನೂರಕ್ಕೆ 95 ಮಂದಿಯನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದು.

ಫ್ಲಾರಿಡಾದ ಒಬ್ಬ ಯುವಕನ ಪಾಡನ್ನು ಕೇಳಿ. ಸೈಕಲ್ ಸವಾರಿಯ ದೂರವನ್ನು ಅಳೆಯಲು ಆತನು ಒಂದು ಆ್ಯಪ್ ಇಟ್ಟುಕೊಂಡಿದ್ದನು. ಅವನ ಸ್ಥಳಗಳು ಗೂಗಲ್ ಖಾತೆಗೂ ಸೇರುತ್ತಿದ್ದವು. 2019ರಲ್ಲಿ ಅವನ ಹಾದಿಯ ಮನೆಯೊಂದರಲ್ಲಿ ಕಳವಾಯಿತು. ಆ ಹೊತ್ತಿಗೆ ಅಲ್ಲಿ ಸುಳಿದ ಫೋನುಗಳ ವಿವರವನ್ನು ಪೊಲೀಸರು ನ್ಯಾಯಾಲಯದ ಆಜ್ಞೆ ಪಡೆದು ತರಿಸಿದರು. ಆ ದಿನ ಈತನು ಒಂದು ಗಂಟೆಯೊಳಗೆ ಮೂರು ಬಾರಿ ಅದೇ ಮನೆಯ ಮುಂದೆ ಹಾದಿದ್ದನು! ಏಳು ದಿನದೊಳಗೆ ನ್ಯಾಯಾಲಯದಲ್ಲಿ ತಡೆ ತಾರದಿದ್ದರೆ ನಿನ್ನ ವಿವರಗಳು ಪೊಲೀಸರಿಗೆ ಹೋಗುತ್ತವೆಂದು 2020ರ ಜನವರಿಯಲ್ಲಿ ಕಂಪನಿಯಿಂದ ಓಲೆ ಬಂದಿತು. ತಂದೆತಾಯಿಗಳು ಉಳಿತಾಯದ ಹಣ ತೆಗೆದು ವಕೀಲರನ್ನು ಗೊತ್ತುಮಾಡಬೇಕಾಯಿತು. ಕೊನೆಗೆ ಸಂಶಯ ನಿವಾರಣೆಯಾಯಿತು.

'ಸ್ಥಳ ಇತಿಹಾಸ'ವನ್ನು ಆರಿಸಿಟ್ಟರೂ ಗೂಗಲ್ ಬೇರೊಂದು ಬಾಗಿಲಿನಿಂದ ಸ್ಥಳಗಳನ್ನು ಬರೆದುಕೊಳ್ಳುತ್ತಿದ್ದುದನ್ನು 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ವಾರ್ತಾಸಂಸ್ಥೆ ಬಯಲಿಗೆಳೆಯಿತು. 2022ರಲ್ಲಿ ಅಮೆರಿಕೆಯ 40 ಸಂಸ್ಥಾನಗಳೊಡನೆ ಆದ ರಾಜಿಯಲ್ಲಿ ಕಂಪನಿಯು 39.15 ಕೋಟಿ ಡಾಲರ್ ತೆರಲು ಒಪ್ಪಿತು. ಸಂಚಾರದ ದಿನಚರಿಯನ್ನು ಆಯಾ ಫೋನಿನಲ್ಲಿಯೇ ಇರಿಸುವುದಾಗಿ 2023ರ ಡಿಸೆಂಬರಿನಲ್ಲಿ ಸಾರಿತು. ಇದು ಒಳ್ಳೆಯ ಹೆಜ್ಜೆಯೇ. ಆದರೆ 'ವೆಬ್ ಮತ್ತು ಆ್ಯಪ್ ಚಟುವಟಿಕೆ' ಎಂಬ ಆ ಇನ್ನೊಂದು ಬಾಗಿಲನ್ನು ನಾವೇ ಹುಡುಕಿ ಮುಚ್ಚಬೇಕು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಪಿತ್ತರು. ಅಂಥ ಹಕ್ಕುಳ್ಳ ನಾವು 'ಒಪ್ಪಿಗೆ'ಯ ಗುಂಡಿಯನ್ನು ಓದದೆಯೇ ಒತ್ತುತ್ತೇವೆ. ಆ್ಯಪ್ ಬಳಸುವಾಗ ಮಾತ್ರ ಸ್ಥಳ ತಿಳಿಯುವಂತೆ ಫೋನಿಗೆ ಕಟ್ಟಳೆ ವಿಧಿಸಬಹುದು. ಖಾತೆಯನ್ನೇ ಕೇಳದ ನಕ್ಷೆಗಳೂ ಉಂಟು. 2004ರಲ್ಲಿ ಬ್ರಿಟನ್ನಿನಲ್ಲಿ ಮೊದಲಾದ, ಸ್ವಯಂಸೇವಕರು ರಚಿಸುವ ಓಪನ್‌ಸ್ಟ್ರೀಟ್‌ಮ್ಯಾಪನ್ನು ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್ ಅಂಥದೊಂದು. ಊರಿನ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ದಾರಿ ಹೇಳುತ್ತದೆ. ದಟ್ಟಣೆಯ ಕೆಂಪು ಗೆರೆ ಮಾತ್ರ ಅದರಲ್ಲಿ ಕಾಣದು. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡರೆ ಸಿಕ್ಕಿಕೊಂಡಂತೆಯೇ.